ಪಾಠ 9: ಡಬ್ಬಿಯ ತಳ ಓದೋಣ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಹಗಲು ಎರಡು ಮನೆಗಳಲ್ಲಿ ಅಡುಗೆ ಕೆಲಸ. ಒಂದು ಮನೆಯಲ್ಲಿ ಮೈಕ್ರೋವೇವ್ ಓವನ್ ಇದೆ. ಮೊನ್ನೆ ಅವರು ಐಸ್‌ಕ್ರೀಮ್ ಡಬ್ಬಿಗೆ ಬದನೆಕಾಯಿ ಪಲ್ಯ ಹಾಕಿ ಓವನ್‌ನಲ್ಲಿ ಇಟ್ಟರು. ಡಬ್ಬಿ ಸೊಟ್ಟಗಾಯಿತು. ಪಲ್ಯಕ್ಕೆ ಪ್ಲಾಸ್ಟಿಕ್ ವಾಸನೆ ಬಂತು. ಚೆಲ್ಲಲು ಮನಸ್ಸಾಗಲಿಲ್ಲ. ಮಗಳಿಗೆ ಅಂತ ಕಟ್ಟಿಕೊಂಡು ಬಂದರು.

"ಟೀಚರ್, ಓವನ್‌ನಲ್ಲಿ ಬೆಂಕೀನೇ ಇಲ್ಲ. ಡಬ್ಬಿ ಹೇಗೆ ಕರಗಿತು? ಈ ಪಲ್ಯ ಮಗೂಗೆ ಕೊಡಬಹುದಾ?" ಎಂದು ಕೇಳಿದರು.

ಕೊಡಬಾರದು. ಯಾಕೆ? ಬನ್ನಿ, ತಿಳಿಯೋಣ.

ಬೆಂಕಿ ಇಲ್ಲದ ಬಿಸಿ

ಓವನ್‌ನ ಒಳಗೆ ಕಣ್ಣಿಗೆ ಕಾಣದ ಅಲೆಗಳು ಏಳುತ್ತವೆ. ಅವು ಊಟದಲ್ಲಿರುವ ನೀರನ್ನು ಬಿಸಿ ಮಾಡುತ್ತವೆ. ಬಿಸಿ ಊಟದಿಂದ ಡಬ್ಬಿಯೂ ಬಿಸಿಯಾಗುತ್ತದೆ. ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತದೆ. ಎಣ್ಣೆ ಅದಕ್ಕಿಂತ ಹೆಚ್ಚು ಕಾಯುತ್ತದೆ. ಎಣ್ಣೆ ಪಲ್ಯದ ಡಬ್ಬಿ ಬೇಗ ಕರಗಿದ್ದು ಅದಕ್ಕೇ. ಪ್ಲಾಸ್ಟಿಕ್ ಕಾದರೆ ಅದರಲ್ಲಿನ ರಾಸಾಯನಿಕ ಊಟಕ್ಕೆ ಇಳಿಯಬಹುದು. ಅದು ಕಣ್ಣಿಗೆ ಕಾಣದು.

ತಳದಲ್ಲಿ ಏನಿದೆ?

ಡಬ್ಬಿ ತಿರುಗಿಸಿ ನೋಡಿ. ಮೂರು ಬಾಣಗಳ ತ್ರಿಕೋನ ಇರುತ್ತದೆ. ನಡುವೆ ಒಂದು ಅಂಕಿ.

1 ಅಂದರೆ ನೀರಿನ ಬಾಟಲಿಯ ಜಾತಿ. ಓವನ್‌ಗೆ ಬೇಡ.
6 ಇದ್ದರೂ ಬೇಡ.
5 ಇದ್ದರೆ ಹೆಚ್ಚು ಬಿಸಿ ತಡೆಯುತ್ತದೆ.

ಆದರೆ 5 ಒಂದೇ ಸಾಲದು. 'ಮೈಕ್ರೋವೇವ್ ಸೇಫ್' ಎಂಬ ಬರಹ ಅಥವಾ ಅಲೆ ಅಲೆ ಗೆರೆಗಳ ಗುರುತು ಇರಬೇಕು. ಬರಹ ಇಂಗ್ಲಿಷಿನಲ್ಲಿದ್ದರೆ ನಾಚಿಕೆ ಬೇಡ, ಕೇಳಿ. ಅಂಕಿ ಓದಲು ನಮಗೆ ಬರುತ್ತಲ್ಲ!

ನೆನಪಿಡೋಣ

- ಬಿಸಿ ತಡೆಯುವ ಗಾಜು, ಪಿಂಗಾಣಿ ಪಾತ್ರೆ ಎಲ್ಲಕ್ಕಿಂತ ಒಳ್ಳೆಯದು.
- ಸ್ಟೀಲ್ ಪಾತ್ರೆ, ಚಿನ್ನದ ಅಂಚಿನ ತಟ್ಟೆ ಓವನ್‌ನಲ್ಲಿ ಬೇಡ. ಕಿಡಿ ಹಾರಬಹುದು.
- ಮುಚ್ಚಳ ಬಿಗಿಯಾಗಿ ಹಾಕಬೇಡಿ. ಹಬೆ ಹೋಗಲು ಜಾಗ ಇರಲಿ.
- ಗೀಚು ಬಿದ್ದ, ಬಿರುಕು ಬಿಟ್ಟ ಡಬ್ಬಿ ಬೇಡ.
- ಮಗುವಿನ ಹಾಲಿನ ಬಾಟಲಿ ಓವನ್‌ನಲ್ಲಿ ಇಡಬೇಡಿ. ಹಾಲು ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಸುಡುವಷ್ಟು ಬಿಸಿ ಇರಬಹುದು.

"ನಮ್ಮನೇಲಿ ಓವನ್ ಇಲ್ಲ, ನಮಗ್ಯಾಕೆ?" ಅಂತೀರಾ? ಹೋಟೆಲಿನ ಬಿಸಿ ಸಾಂಬಾರು, ಚಹಾ ಪ್ಲಾಸ್ಟಿಕ್ ಕವರಿನಲ್ಲೇ ತರುತ್ತೇವಲ್ಲ! ಬಿಸಿ ಎಲ್ಲಿದ್ದರೂ ಬಿಸಿಯೇ. ಸ್ಟೀಲ್ ಕ್ಯಾರಿಯರ್ ಒಯ್ಯೋಣ.

ಆ ದಿನ ಅಕ್ಕ ಪಲ್ಯ ಚೆಲ್ಲಿದರು. ಅನ್ನ ಚೆಲ್ಲಬಾರದು, ನಿಜ. ಮಗು ಅದಕ್ಕಿಂತ ದೊಡ್ಡದು. ಈಗ ಅವರು ಡಬ್ಬಿಯ ತಳ ನೋಡದೆ ಓವನ್ ಬಾಗಿಲು ತೆಗೆಯುವುದಿಲ್ಲ.

ಅಭ್ಯಾಸ

1. ಡಬ್ಬಿ ಯಾಕೆ ಕರಗಿತು? ಹೇಳಿ.
2. ಓದಿ, ಬರೆಯಿರಿ: ತಳ, ಅಂಕಿ, ಅಲೆ, ಪಿಂಗಾಣಿ.
3. ನಾಳೆ ಮನೆಯಿಂದ ಮೂರು ಡಬ್ಬಿ ತನ್ನಿ. ಅಂಕಿ ಓದೋಣ.