ಮಗುವಿಗೆ ಕೇಳಿಸುತ್ತಿಲ್ಲವೇ? ಕಾಯಬೇಡಿ

ಮಗು ಹುಟ್ಟಿದ ಕೂಡಲೇ ಅದರ ಬಲಕಿವಿಯಲ್ಲಿ ಅಝಾನ್ ಹೇಳುತ್ತೇವೆ. ಆ ದನಿ ಮಗುವಿಗೆ ಕೇಳಿಸಿತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಬಹುತೇಕ ಮಕ್ಕಳಿಗೆ ಕೇಳಿಸಿಯೇ ಇರುತ್ತದೆ. ಆದರೆ ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಶ್ರವಣ ದೋಷವಿರುತ್ತದೆ. ಹೊರನೋಟಕ್ಕೆ ಅದು ಗೊತ್ತಾಗುವುದಿಲ್ಲ. ಮಗು ಚೆನ್ನಾಗಿ ಹಾಲು ಕುಡಿಯುತ್ತದೆ, ನಗುತ್ತದೆ. ಮೊದಲ ಕೆಲವು ತಿಂಗಳು ಎಲ್ಲ ಮಕ್ಕಳಂತೆ ‘ಆ’, ‘ಊ’ ಎಂದು ಸದ್ದನ್ನೂ ಮಾಡುತ್ತದೆ.

ಎರಡು ವರ್ಷವಾದರೂ ಮಾತು ಬಾರದಿದ್ದಾಗ ತಾಯಿಗೆ ಅನುಮಾನ ಬರುತ್ತದೆ. ಆಗ ದಾದಿ ಹೇಳುತ್ತಾರೆ: “ಇವನ ಅಬ್ಬಾನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ಮನಿರಮ್ಮ.” ಯಾರೋ ಹಿಂದಿನಿಂದ ಸ್ಟೀಲ್ ತಟ್ಟೆ ಬಡಿಯುತ್ತಾರೆ, ಮಗು ತಿರುಗುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ತಟ್ಟೆ ಬಡಿದಾಗ ನೆಲ ಅದುರುತ್ತದೆ, ಗಾಳಿ ಅಲುಗುತ್ತದೆ, ನೆರಳು ಸರಿಯುತ್ತದೆ. ಕಿವಿ ಕೇಳದ ಮಗು ಇವನ್ನೆಲ್ಲ ಬೇಗ ಗುರುತಿಸುತ್ತದೆ. ಹಾಗಾಗಿ ತಟ್ಟೆ ಬಡಿಯುವುದು ಕಿವಿಯ ಪರೀಕ್ಷೆಯಾಗದು. ಹೀಗೆ ಸಮಾಧಾನ ಪಟ್ಟುಕೊಂಡು ಕಳೆದ ವರ್ಷ ಮಗುವಿಗೆ ಮತ್ತೆ ಸಿಗುವುದಿಲ್ಲ.

ತಡವಾದರೆ ಏನು ನಷ್ಟ?

ಶಬ್ದ ಹಿಡಿಯುವುದು ಕಿವಿ, ಅದನ್ನು ಮಾತೆಂದು ತಿಳಿಯುವುದು ಮಿದುಳು. ಈ ಕಲಿಕೆಗೆ ಹುಟ್ಟಿನಿಂದ ಮೂರೂವರೆ ವರ್ಷದವರೆಗಿನ ಕಾಲ ಬಹಳ ಮುಖ್ಯ. ಆ ಅವಧಿಯಲ್ಲಿ ಶಬ್ದವೇ ತಲುಪದಿದ್ದರೆ, ಕೇಳಲೆಂದು ಇರುವ ಮಿದುಳಿನ ಭಾಗವನ್ನು ನೋಟ, ಸ್ಪರ್ಶದ ಕೆಲಸಗಳು ಆಕ್ರಮಿಸಿಕೊಳ್ಳತೊಡಗುತ್ತವೆ. ಏಳೆಂಟು ವರ್ಷದ ನಂತರ ಯಂತ್ರ ಕೂರಿಸಿದರೂ ಹುಟ್ಟು ಕಿವುಡಿನ ಮಗು ಸ್ಪಷ್ಟ ಮಾತು ಕಲಿಯುವುದು ಕಷ್ಟ.

ಆದ್ದರಿಂದ ವೈದ್ಯರು 1-3-6 ಎಂಬ ಸೂತ್ರ ಹೇಳುತ್ತಾರೆ. ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ಪತ್ತೆ, ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ಶ್ರವಣ ಸಾಧನದ ಆರಂಭ. ತಿಂಗಳು ತುಂಬುವ ಮೊದಲೇ ಹುಟ್ಟಿದ, ಹೆಚ್ಚು ಕಾಮಾಲೆಯಾಗಿದ್ದ, ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ, ಮಿದುಳು ಜ್ವರ ಬಂದ ಮಕ್ಕಳಿಗೆ ಪರೀಕ್ಷೆ ತಪ್ಪಿಸಲೇಬಾರದು. ಗರ್ಭಿಣಿಗೆ ರುಬೆಲ್ಲಾ ತಗುಲಿದರೂ ಮಗುವಿನ ಶ್ರವಣಕ್ಕೆ ಪೆಟ್ಟು ಬೀಳುತ್ತದೆ. ಒಂಬತ್ತು ತಿಂಗಳಿಗೆ ಮತ್ತು ಒಂದೂವರೆ ವರ್ಷದ ಆಸುಪಾಸಿಗೆ ಹಾಕಿಸುವ ದಡಾರ-ರುಬೆಲ್ಲಾ ಲಸಿಕೆ ಮುಂದಿನ ಪೀಳಿಗೆಯ ಕಿವಿಯನ್ನೂ ಕಾಯುತ್ತದೆ.

ಎಲ್ಲಿ ತೋರಿಸಬೇಕು?

ಚಳ್ಳಕೆರೆ, ಮೊಳಕಾಲ್ಮೂರು ತಾಲೂಕಿನ ಹಳ್ಳಿಗಳ ತಾಯಂದಿರು ಮೊದಲು ಆಶಾ ಕಾರ್ಯಕರ್ತೆಗೋ ಅಂಗನವಾಡಿಗೋ ತಿಳಿಸಿದರೆ ಸಾಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೆ ಬರುತ್ತದೆ. ದೋಷದ ಅನುಮಾನವಿದ್ದ ಮಗುವನ್ನು ಮುಂದಿನ ಪರೀಕ್ಷೆಗೆ ಕಳುಹಿಸುವುದು ಆ ತಂಡದ ಕೆಲಸ. ಚಳ್ಳಕೆರೆಯವರಿಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಹತ್ತಿರ. ರಾಂಪುರ, ಮೊಳಕಾಲ್ಮೂರು ಕಡೆಯವರಿಗೆ ಬಳ್ಳಾರಿಯೂ ಹತ್ತಿರವೇ.

ಪರೀಕ್ಷೆಗೆ ಹೆದರಬೇಕಿಲ್ಲ. ಒಎಇ ಎಂಬ ಪರೀಕ್ಷೆಯಲ್ಲಿ ಕಿವಿಯಲ್ಲಿ ಚಿಕ್ಕ ಮೆತ್ತನೆಯ ತುದಿಯಿಟ್ಟು ಕೆಲವೇ ನಿಮಿಷಗಳಲ್ಲಿ ನೋಡುತ್ತಾರೆ. ಬೆರಾ ಎಂಬ ಪರೀಕ್ಷೆಯಲ್ಲಿ ಮಲಗಿದ ಮಗುವಿನ ತಲೆಗೆ ತಂತಿ ಅಂಟಿಸಿ, ಶಬ್ದ ಮಿದುಳಿನ ಕಡೆಗೆ ಸಾಗುತ್ತಿದೆಯೇ ಎಂದು ಅಳೆಯುತ್ತಾರೆ. ಎರಡರಲ್ಲೂ ನೋವಿಲ್ಲ. ಮಗು ನಿದ್ದೆಯಲ್ಲಿರಬೇಕಾದ್ದರಿಂದ ಪರೀಕ್ಷೆಯ ದಿನ ಬಸ್ಸಿನಲ್ಲಿ ಮಲಗಿಸದೆ, ಅಲ್ಲಿಗೆ ಹೋದ ಮೇಲೆ ಹಾಲುಣಿಸಿ ಮಲಗಿಸಿ.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ದೊಡ್ಡ ಆಸರೆಯೊಂದಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಕೆಲಸ ಮಾಡುತ್ತಿದೆ. ಅಲ್ಲಿನ ಶಾಲಾಪೂರ್ವ ಕೇಂದ್ರದಲ್ಲಿ ಮಗುವಿನ ಜೊತೆ ತಾಯಿಯೂ ಕೂತು ಕಲಿಯುತ್ತಾಳೆ. ದೂರದ ಊರಿನವರಿಗೆ ವಿಡಿಯೋ ಕರೆಯ ಮೂಲಕ ತರಬೇತಿ ಕೊಡುವ ವ್ಯವಸ್ಥೆಯೂ ಇದೆ.

ಕಾಕ್ಲಿಯರ್ ಇಂಪ್ಲಾಂಟ್ ಎಂದರೇನು?

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಪುಟ್ಟ ಅಂಗವಿದೆ. ಅದೇ ಕಾಕ್ಲಿಯಾ. ಅದರೊಳಗಿನ ಸಾವಿರಾರು ಸೂಕ್ಷ್ಮ ಕೂದಲ ಕೋಶಗಳು ಶಬ್ದವನ್ನು ವಿದ್ಯುತ್ ಸಂಕೇತವಾಗಿಸಿ ನರಕ್ಕೆ ಕೊಡುತ್ತವೆ. ಈ ಕೋಶಗಳು ಸ್ವಲ್ಪ ಹಾಳಾಗಿದ್ದರೆ ಶಬ್ದವನ್ನು ದೊಡ್ಡದು ಮಾಡುವ ಶ್ರವಣ ಸಾಧನವೇ ಸಾಕು. ಪೂರ್ತಿ ಹಾಳಾಗಿದ್ದರೆ ಎಷ್ಟು ದೊಡ್ಡದು ಮಾಡಿದರೂ ಪ್ರಯೋಜನವಿಲ್ಲ. ಆಗ ಇಂಪ್ಲಾಂಟ್ ಬೇಕಾಗುತ್ತದೆ. ಅದಕ್ಕೂ ಮೊದಲು ಸಾಮಾನ್ಯವಾಗಿ ಕೆಲವು ತಿಂಗಳು ಶ್ರವಣ ಸಾಧನ ಹಾಕಿ ನೋಡುತ್ತಾರೆ. ಮಿದುಳು ಜ್ವರದಿಂದ ಕಿವಿ ಹೋದ ಮಗುವಿಗೆ ಮಾತ್ರ ಅವಸರ ಹೆಚ್ಚು. ಒಳಕಿವಿಯಲ್ಲಿ ಎಲುಬು ಬೆಳೆದು ತಂತಿ ಹೋಗಲು ದಾರಿಯೇ ಮುಚ್ಚಬಹುದು.

ಇಂಪ್ಲಾಂಟ್‌ನಲ್ಲಿ ಎರಡು ಭಾಗ. ಒಂದನ್ನು ಶಸ್ತ್ರಚಿಕಿತ್ಸೆ ಮಾಡಿ ಕಿವಿಯ ಹಿಂದೆ ಚರ್ಮದಡಿ ಇಟ್ಟು, ಅದರ ಸಣ್ಣ ತಂತಿಯನ್ನು ಕಾಕ್ಲಿಯಾದೊಳಗೆ ಸೇರಿಸುತ್ತಾರೆ. ಇನ್ನೊಂದು ಹೊರಗೆ ಕಿವಿಗೆ ಸಿಕ್ಕಿಸುವ ಪ್ರೊಸೆಸರ್. ಅದರ ಗುಂಡಿಯಂಥ ತುಂಡು ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುತ್ತದೆ. ಇಂದಿನ ಬಹುತಂತು ಇಂಪ್ಲಾಂಟ್‌ಗೆ ದಾರಿ ಮಾಡಿದವರಲ್ಲಿ ಒಬ್ಬರಾದ ಆಸ್ಟ್ರೇಲಿಯಾದ ವೈದ್ಯ ಗ್ರೇಮ್ ಕ್ಲಾರ್ಕ್ 1978ರಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಅವರ ತಂದೆಗೂ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಆಪರೇಷನ್ ಆದ ದಿನವೇ ಮಗುವಿಗೆ ಕೇಳಿಸುವುದಿಲ್ಲ. ಗಾಯ ಮಾಗಿದ ಮೇಲೆ, ಕೆಲವು ವಾರಗಳ ನಂತರ, ಯಂತ್ರವನ್ನು ಚಾಲೂ ಮಾಡುತ್ತಾರೆ. ಮೊದಲ ಶಬ್ದಕ್ಕೆ ಮಗು ಬೆಚ್ಚಿ ಅಳಬಹುದು, ಗಾಬರಿಯಾಗಬೇಡಿ. ಅಂದಿನಿಂದ ಮಗುವಿನ ಕೇಳುವ ವಯಸ್ಸು ಆರಂಭ. ಮೂರು ವರ್ಷದ ಮಗುವಾದರೂ ಕಿವಿಯ ಲೆಕ್ಕದಲ್ಲಿ ಅದು ಅಂದು ಹುಟ್ಟಿದ ಕೂಸು.

ಹಣದ ಮಾತು

ಯಂತ್ರ, ಶಸ್ತ್ರಚಿಕಿತ್ಸೆ, ತರಬೇತಿ ಸೇರಿ ಹಲವು ಲಕ್ಷ ರೂಪಾಯಿಯಾಗುತ್ತದೆ. ಒಡವೆ ಮಾರುವ ಮೊದಲು ಸರ್ಕಾರಿ ಯೋಜನೆ ವಿಚಾರಿಸಿ. ಬಡ ಕುಟುಂಬದ ಮಕ್ಕಳಿಗೆ ಕೇಂದ್ರದ ಅಡಿಪ್ ಯೋಜನೆಯಿದೆ. ರಾಜ್ಯ ಸರ್ಕಾರ ‘ಶ್ರವಣ ಸಂಜೀವಿನಿ’ ಹೆಸರಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಉಚಿತವಾಗಿ ಇಂಪ್ಲಾಂಟ್ ಮಾಡಿಸುತ್ತದೆ. ಎರಡರಲ್ಲೂ ವಯಸ್ಸಿನ ಮಿತಿ ಇರುವುದರಿಂದ ತಡ ಮಾಡಿದರೆ ಹಕ್ಕೂ ಹೋಗುತ್ತದೆ. ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಅಂಗವಿಕಲರ ಯುಡಿಐಡಿ ಕಾರ್ಡ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಬ್ಯಾಟರಿ, ಕೇಬಲ್, ರಿಪೇರಿಯ ಖರ್ಚು ಜೀವನಪೂರ್ತಿ ಬರುತ್ತದೆ. ವಾರಂಟಿ ಎಷ್ಟು ವರ್ಷ, ಆಮೇಲೆ ಬಿಡಿಭಾಗ ಯಾರು ಕೊಡುತ್ತಾರೆ ಎಂದು ಸಹಿ ಹಾಕುವ ಮೊದಲೇ ಕೇಳಿ.

ಮನೆಯಲ್ಲಿ ಯಾವ ಭಾಷೆ?

ನಮ್ಮ ಅನೇಕ ಮನೆಗಳಲ್ಲಿ ಒಳಗೆ ಉರ್ದು, ಬೀದಿಯಲ್ಲಿ, ಶಾಲೆಯಲ್ಲಿ ಕನ್ನಡ. ಇಂಪ್ಲಾಂಟ್ ಆದ ಮಗುವಿನ ಜೊತೆ ಯಾವುದರಲ್ಲಿ ಮಾತಾಡುವುದು? ತಾಯಿಗೆ ಯಾವುದು ಸಲೀಸೋ, ಯಾವುದರಲ್ಲಿ ಆಕೆ ಮುದ್ದು ಮಾಡುತ್ತಾಳೋ, ಗದರುತ್ತಾಳೋ, ಅದರಲ್ಲೇ. ಬಾರದ ಭಾಷೆಯಲ್ಲಿ ನಾಲ್ಕು ಪದ ಆಡುವ ತಾಯಿಗಿಂತ ಬರುವ ಭಾಷೆಯಲ್ಲಿ ದಿನವಿಡೀ ಮಾತಾಡುವ ತಾಯಿಯಿಂದ ಮಗು ಹೆಚ್ಚು ಕಲಿಯುತ್ತದೆ. ಒಂದು ಭಾಷೆ ಗಟ್ಟಿಯಾದ ಮೇಲೆ ಇನ್ನೊಂದನ್ನೂ ಕಲಿಯಬಲ್ಲದು. ತರಬೇತಿಗೆ ಹೋದಾಗ ಮನೆಮಾತು ಯಾವುದೆಂದು ಸಂಕೋಚವಿಲ್ಲದೆ ಹೇಳಿ.

ರೊಟ್ಟಿ ಬಡಿಯುವಾಗ, ಬಟ್ಟೆ ಮಡಿಸುವಾಗ ಮಾಡುತ್ತಿರುವುದನ್ನು ಹೇಳುತ್ತಿರಿ. ಟಿವಿ ಆರಿಸಿ. ಮಗುವಿನ ಹತ್ತಿರ ಬಂದು, ಕೂಗದೆ, ಸಹಜ ದನಿಯಲ್ಲಿ ಮಾತಾಡಿ. ಅಬ್ಬಾ, ದಾದಾ, ಖಾಲಾ ಎಲ್ಲರೂ ಮಾತಾಡಲಿ. ತರಬೇತಿ ತಾಯಿಯೊಬ್ಬಳ ಹೊರೆಯಾದರೆ ಅರ್ಧದಲ್ಲೇ ನಿಂತುಹೋಗುತ್ತದೆ.

ದಿನನಿತ್ಯದ ಎಚ್ಚರಗಳು

● ವುಝೂ, ಸ್ನಾನದ ಮುಂಚೆ ಹೊರಗಿನ ಪ್ರೊಸೆಸರ್ ತೆಗೆದಿಡಿ. ಒಳಭಾಗ ಚರ್ಮದಡಿ ಇರುವುದರಿಂದ, ಗಾಯ ಮಾಗಿದ ನಂತರ ಕಿವಿಗೂ ತಲೆಗೂ ನೀರು ಮುಟ್ಟಿಸಲು ಅಡ್ಡಿಯಿಲ್ಲ.
● ಎದ್ದಾಗಿನಿಂದ ಮಲಗುವವರೆಗೆ ಯಂತ್ರ ಕಿವಿಯಲ್ಲಿರಲಿ. ಪೆಟ್ಟಿಗೆಯಲ್ಲಿಟ್ಟ ಯಂತ್ರದಿಂದ ಮಾತು ಬಾರದು.
● ತಲೆಗೆ ಪೆಟ್ಟು ಬೀಳುವ ಆಟ ಬೇಡ. ಎಂಆರ್‌ಐ ಮಾಡಿಸುವ ಮುನ್ನ ಇಂಪ್ಲಾಂಟ್ ಇರುವುದನ್ನು ಹೇಳಲೇಬೇಕು.
● ನ್ಯುಮೋಕಾಕಲ್ ಲಸಿಕೆ ತಪ್ಪಿಸಬೇಡಿ. ಕಿವಿ ಸೋರಿದರೆ, ಜ್ವರ ಬಂದರೆ ಬೇಗ ತೋರಿಸಿ. ಕಿವಿಗೆ ಬಿಸಿ ಎಣ್ಣೆ ಹಾಕಬೇಡಿ.
● ಶಾಲೆಯಲ್ಲೂ ಮದ್ರಸಾದಲ್ಲೂ ಮುಂದಿನ ಸಾಲಿನಲ್ಲಿ, ಕಲಿಸುವವರ ಮುಖ ಕಾಣುವಂತೆ ಕೂರಿಸಲು ಕೇಳಿಕೊಳ್ಳಿ.

ಯಾರನ್ನೂ ದೂರಬೇಡಿ

ಕಿವುಡು ಮಗು ಹುಟ್ಟಿದರೆ ಸೊಸೆಯ ಕಡೆ ಬೆರಳು ತೋರಿಸುವುದಿದೆ. ಆನುವಂಶಿಕ ಕಿವುಡಿನಲ್ಲಿ ಹೆಚ್ಚಿನದು ತಂದೆ ಮತ್ತು ತಾಯಿ ಇಬ್ಬರಿಂದಲೂ ಬರುವಂಥದು. ಇಬ್ಬರಿಗೂ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ, ಆದರೂ ಪ್ರತಿ ಬಸಿರಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಇದು ಹೆಚ್ಚು. ಈ ರೂಢಿ ನಮ್ಮಲ್ಲೂ ಇದೆ, ನೆರೆಯ ಇತರ ಸಮುದಾಯಗಳಲ್ಲೂ ಇದೆ. ಮನೆತನದಲ್ಲಿ ಕಿವುಡು ಇದ್ದರೆ ಸಂಬಂಧದೊಳಗೆ ಮದುವೆ ನಿಶ್ಚಯಿಸುವ ಮೊದಲು ವೈದ್ಯರ ಸಲಹೆ ಪಡೆಯಿರಿ.

ಇಂಪ್ಲಾಂಟ್ ಎಲ್ಲರಿಗೂ ಆಗುವುದಿಲ್ಲ. ನರವೇ ಬೆಳೆಯದ ಮಕ್ಕಳಿದ್ದಾರೆ, ವಯಸ್ಸು ಮೀರಿದವರಿದ್ದಾರೆ. ಅವರಿಗೆ ಸಂಜ್ಞಾ ಭಾಷೆಯಿದೆ, ವಿಶೇಷ ಶಾಲೆಗಳಿವೆ, ಕೆಲಸದಲ್ಲಿ ಮೀಸಲಾತಿಯಿದೆ. ಮನೆಯವರೂ ಸಂಜ್ಞೆ ಕಲಿತರೆ ಆ ಮಗು ಊಟಕ್ಕೆ ಕೂತಾಗ ಒಂಟಿಯಾಗುವುದಿಲ್ಲ.

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ 2,200 ವರ್ಷಗಳಿಗೂ ಹಿಂದೆ ಕೊರೆಸಿದ ಶಾಸನವಿದೆ. ತಂದೆತಾಯಿಯ ಮಾತು ಕೇಳಬೇಕೆಂಬ ಬುದ್ಧಿಮಾತು ಅದರಲ್ಲಿದೆ. ಮಗು ನಮ್ಮ ಮಾತು ಕೇಳಬೇಕಾದರೆ ಮೊದಲು ಅದಕ್ಕೆ ಕೇಳಿಸಬೇಕು. ಅದನ್ನು ನೋಡಿಕೊಳ್ಳುವುದು ಹೆತ್ತವರ ಪಾಲಿನ ಕೆಲಸ. ನಿಮ್ಮ ಮನೆಯಲ್ಲಿ ಎಳೆ ಮಗುವಿದ್ದು ಕಿವಿಯ ಪರೀಕ್ಷೆ ಇನ್ನೂ ಆಗಿಲ್ಲವಾದರೆ, ಈ ವಾರವೇ ಆಶಾ ಕಾರ್ಯಕರ್ತೆಯನ್ನು ಕೇಳಿ.