ಊರಿನ ಕಾಗದ ಊರವರೇ ಓದಬೇಕು

ಕರೋಶಿಯ ಮತ್ತು ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರೇ,

ನಿಮ್ಮಲ್ಲಿ ಬಹಳ ಮಂದಿ ಕಲಿಯಲಿಕ್ಕೆ, ದುಡಿಯಲಿಕ್ಕೆ ಕೊಲ್ಲಾಪುರ, ಪುಣೆ, ಬೆಂಗಳೂರು ಹಿಡಿದಿದ್ದೀರಿ. ಹೋಗಿ, ದೊಡ್ಡವರಾಗಿ. ಆದರೆ ಜಾತ್ರೆಗೋ ಹಬ್ಬಕ್ಕೋ ಊರಿಗೆ ಬಂದಾಗ ಒಂದು ಕೆಲಸಕ್ಕೆ ಸಮಯ ತೆಗೆಯಿರಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಊರಿನ ಚರಿತ್ರೆಯನ್ನು ನೀವೇ ಬರೆಯಿರಿ. ಯಾರೋ ಪ್ರಾಧ್ಯಾಪಕರು ಬಂದು ಬರೆದಾರು ಎಂದು ಕಾಯುತ್ತ ಕೂಡ್ರಬೇಡಿ. ನಮ್ಮ ಭಾಗದ ಒಂದೊಂದು ಹಳ್ಳಿಯನ್ನು ಹೊರಗಿನವರು ಬಂದು ಬರೆಯುವುದು ಕಷ್ಟ. ಅದಕ್ಕೆ ಕಾರಣವಿದೆ.

ನಮ್ಮ ಚಿಕ್ಕೋಡಿ ಸೀಮೆ ಮೇಲಿಂದ ಮೇಲೆ ಕೈ ಬದಲಿಸಿದೆ. 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದಾಗ ಕಂಪನಿ ಸರಕಾರ ಚಿಕ್ಕೋಡಿ, ಮುನವಳ್ಳಿ ಪ್ರಾಂತಗಳನ್ನು ಕೊಲ್ಲಾಪುರದ ಅರಸರಿಗೆ ಬಿಟ್ಟಿತ್ತು. ಹತ್ತು ಹನ್ನೆರಡು ವರ್ಷದೊಳಗೇ ಮರಳಿ ಕಸಿದುಕೊಂಡಿತು. ಮೊದಲು ಧಾರವಾಡ ಜಿಲ್ಲೆಯ ಕಚೇರಿಗೆ ನಡೆಯುತ್ತಿದ್ದ ಕಾಗದಗಳು 1836ರಲ್ಲಿ ಬೆಳಗಾವಿ ಬೇರೆ ಜಿಲ್ಲೆಯಾದ ಮೇಲೆ ಅಲ್ಲಿಗೆ ನಡೆದವು. ಮಗ್ಗುಲಿನ ರಾಯಬಾಗ ಮಾತ್ರ 1949ರಲ್ಲಿ ಸಂಸ್ಥಾನ ವಿಲೀನವಾಗುವವರೆಗೂ ಕೊಲ್ಲಾಪುರದ್ದೇ. ಕಾಗವಾಡ, ಶೇಡಬಾಳ ಒಂದು ಕಾಲಕ್ಕೆ ಪಟವರ್ಧನರವು. 1956ರ ನವೆಂಬರ್ 1ಕ್ಕೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದೆವು. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರೆ ತಾಲೂಕುಗಳಾದವು. ಪ್ರತಿ ಸಲ ಕಚೇರಿ ಬದಲಾದಾಗಲೂ ಒಂದಿಷ್ಟು ದಫ್ತರ ಹಿಂದೆ ಉಳಿಯಿತು. ಹೀಗಾಗಿ ನೆರೆಹೊರೆಯ ನಾಲ್ಕು ಊರಿನ ಸುದ್ದಿ ಬೇಕಾದರೆ ಬೆಳಗಾವಿ, ಧಾರವಾಡ, ಕೊಲ್ಲಾಪುರ, ಮುಂಬಯಿ ಮತ್ತು ಪುಣೆಯ ಪೇಶ್ವೆ ದಫ್ತರ ಎಲ್ಲವನ್ನೂ ತಡಕಬೇಕು. ಒಂದು ಹಳ್ಳಿಗಾಗಿ ಐದು ಊರು ಅಲೆಯುವ ತಾಳ್ಮೆ ಆ ಹಳ್ಳಿಯಲ್ಲಿ ಹುಟ್ಟಿದವರಿಗಲ್ಲದೆ ಇನ್ನಾರಿಗೆ ಬರಬೇಕು?

ಅಷ್ಟು ದೂರ ಹೋಗುವ ಮೊದಲು ನಿಮ್ಮ ಮನೆಯ ಟ್ರಂಕು ತೆಗೆಯಿರಿ. ಅರಿವೆಯಲ್ಲಿ ಸುತ್ತಿಟ್ಟ ಹಳೆಯ ಕಾಗದ ಸಿಕ್ಕರೆ ಅದು ಬಹುಶಃ ಮೋಡಿ ಲಿಪಿಯಲ್ಲಿರುತ್ತದೆ. ಹಾಳೆಯ ಈ ತುದಿಯಿಂದ ಆ ತುದಿಗೆ ಮೊದಲು ಗೆರೆ ಎಳೆದು, ಅದರ ಕೆಳಗೆ ಲೇಖಣಿ ಎತ್ತದೆ ಅಕ್ಷರ ಜೋಡಿಸುತ್ತ ಹೋಗಿರುತ್ತಾರೆ. ಶಬ್ದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಹೆದರಬೇಡಿ. ಕೊಲ್ಲಾಪುರದಲ್ಲೂ ಪುಣೆಯಲ್ಲೂ ಮೋಡಿ ಕಲಿಸುವವರಿದ್ದಾರೆ, ನೀವು ಹೇಗೂ ಅಲ್ಲೇ ಇದ್ದೀರಿ. ಇಸವಿ ತೆಗೆಯುವುದನ್ನೂ ಕಲಿಯಿರಿ. ನಮ್ಮ ಕಡೆಯ ಫಸಲಿ ವರ್ಷಕ್ಕೆ 590 ಕೂಡಿಸಬೇಕು, ಶಕ ವರ್ಷಕ್ಕೆ 78. ಫಸಲಿ 1250 ಎಂದಿದ್ದರೆ ಅದು 1840ರ ಸುಮಾರಿನ ಕಾಗದ. ಅದು ಸಾಲದ ಚೀಟಿಯೇ ಇರಲಿ, ಬಾವಿ ನೀರಿನ ಪಾಲಿನ ತಂಟೆಯೇ ಇರಲಿ, ನಿಮ್ಮ ಊರಿನ ಮಟ್ಟಿಗೆ ಯಾವ ಯುದ್ಧದ ವರ್ಣನೆಗಿಂತಲೂ ಅದರ ಬೆಲೆ ಹೆಚ್ಚು.

ಬೇರೆಯವರ ಮನೆಗೆ ಹೋದಾಗ ಮಾತ್ರ ಜೋಕೆ. ಕಾಗದ ತೋರಿಸಿ ಎಂದ ಕೂಡಲೇ ಜನ ಹಿಂಜರಿಯುತ್ತಾರೆ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಬಾಂದಿನ ಜಗಳ ಯಾರ ಮನೆಯಲ್ಲಿಲ್ಲ? ಉತಾರ ಕೇಳಬೇಡಿ, ಹೊಲದ ಹೆಸರು ಕೇಳಿ. ಗೌಡಕಿ ಹೊಲ, ತಳವಾರಕಿ ಹೊಲ, ಇನಾಮ ಹೊಲ ಎಂದು ಹೇಳುತ್ತ ಹೋದಂತೆ ಊರಿನ ಯಾವ ಸೇವೆಗೆ ಯಾವ ಭೂಮಿ ಬಿಟ್ಟಿದ್ದರು ಎಂಬುದು ತಾನೇ ತೆರೆದುಕೊಳ್ಳುತ್ತದೆ. ಇಂಥ ಸೇವೆಗಳ ಪೈಕಿ ಕುಲಕರ್ಣಿ ವತನಗಳನ್ನು ಮುಂಬಯಿ ಸರಕಾರ 1950ರ ಕಾಯ್ದೆಯಿಂದ ರದ್ದು ಮಾಡಿತು. ಆದರೆ ಹೊಲದ ಹೆಸರುಗಳು ಇನ್ನೂ ಜನರ ಬಾಯಲ್ಲಿವೆ. ಒಪ್ಪಿಗೆ ಇಲ್ಲದೆ ಯಾರ ಕಾಗದದ ಫೋಟೋವನ್ನೂ ಮೊಬೈಲಿನಲ್ಲಿ ಹೊಡೆದುಕೊಳ್ಳಬೇಡಿ. ಒಂದು ಸಲ ನಂಬಿಕೆ ಹೋದರೆ ಇಡೀ ಓಣಿಯ ಬಾಗಿಲು ಮುಚ್ಚುತ್ತದೆ.

ಸುಗ್ಗಿ ಮುಗಿದ ಮೇಲೆ ವಂಶಾವಳಿ ಓದುವ ಹೆಳವರು ಬಂದರೆ ಅವರನ್ನು ಕಾಳು ಕೊಟ್ಟು ಹಾಗೇ ಕಳಿಸಬೇಡಿ. ಕೂಡ್ರಿಸಿ, ಚಹಾ ಕೊಡಿ, ನಿಮ್ಮ ಮನೆತನದ ಸಾಲನ್ನು ಪೂರ್ತಿ ಓದಿಸಿ, ಬರೆದುಕೊಳ್ಳಿ. ಮೂಲ ಊರು ಯಾವುದು, ಯಾವ ಬರಗಾಲದಲ್ಲಿ ಇಲ್ಲಿಗೆ ಬಂದಿರಿ, ಎಷ್ಟು ಜನ ಅಣ್ಣತಮ್ಮಂದಿರು ಕವಲೊಡೆದರು ಎಂಬುದನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದವರು ಅವರು. ಅವರ ಪುಸ್ತಕದಲ್ಲಿ ಹೆಚ್ಚಾಗಿ ಗಂಡುಸಂತಾನದ ಸಾಲೇ ಇರುತ್ತದೆ. ನಿಮ್ಮ ಮುತ್ತಜ್ಜಿಯ ಹೆಸರು ಬೇಕಾದರೆ ಅಟ್ಟ ಹತ್ತಿ ಹಿತ್ತಾಳೆಯ ಕೊಡ, ತಂಬಿಗೆ ಇಳಿಸಿ. ಕಂಠದ ಕೆಳಗೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರಗಳು ಏಳುತ್ತವೆ: ಯಾರು ಯಾರ ಮದುವೆಗೆ ಕೊಟ್ಟದ್ದು, ಯಾವ ಊರಿನವರು, ಕೆಲವೊಮ್ಮೆ ತಾರೀಖು ಸಹಿತ. ನಮ್ಮ ಹೆಣ್ಣುಮಕ್ಕಳು ಯಾವ ಊರಿನಿಂದ ಬಂದರು, ಯಾವ ಊರಿಗೆ ಹೋದರು ಎಂಬುದಕ್ಕೆ ಇಷ್ಟು ಒಳ್ಳೆಯ ದಾಖಲೆ ನನಗೆ ತಿಳಿದಂತೆ ಬೇರೆ ಇಲ್ಲ. ಈ ಪಾತ್ರೆಗಳನ್ನೆಲ್ಲ ಹಳೇ ಸಾಮಾನಿನವನಿಗೆ ತೂಕಕ್ಕೆ ಹಾಕುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಿರಿಯರ ಹತ್ತಿರ ಮಾತಿಗೆ ಕುಳಿತಾಗ ಇಸವಿ ಕೇಳಿದರೆ ಸಿಗುವುದಿಲ್ಲ. ಸಾಲಿಯ ದಾಖಲೆಯನ್ನೂ ಪೂರ್ತಿ ನಂಬಬೇಡಿ, ಅದರಲ್ಲಿ ಅರ್ಧ ಊರು ಜೂನ್ 1ಕ್ಕೇ ಹುಟ್ಟಿರುತ್ತದೆ. ಅವರಿಗೆ ನೆನಪಿರುವ ಗುರುತು ಹಿಡಿದು ಕೇಳಿ. ಕೊಯ್ನಾ ಭೂಕಂಪಕ್ಕಿಂತ ಮೊದಲೋ ಆಮೇಲೋ ಎಂದರೆ ತಟ್ಟನೆ ಹೇಳುತ್ತಾರೆ. ಅದು 1967ರ ಡಿಸೆಂಬರ್ 11. 1972ರ ಬರ ಇನ್ನೊಂದು ಗುರುತು. ಕೃಷ್ಣೆ, ದೂಧಗಂಗೆಯ ದಂಡೆಯವರಾದರೆ 2005 ಮತ್ತು 2019ರ ಮಹಾಪೂರ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಊರಿನ ಚರಿತ್ರೆಯೆಂದರೆ ಊರಿನ ಹೊಗಳಿಕೆಯಲ್ಲ. ಪಾಂಡವರು ಇಲ್ಲಿ ತಂಗಿದ್ದರು ಎಂದು ಶುರುಮಾಡಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಗಿಸುವ ಪುಸ್ತಕಗಳು ಬೇಕಾದಷ್ಟಾಗಿವೆ. ದೇಣಿಗೆ ಕೊಟ್ಟವರ ಫೋಟೋ ಅವುಗಳಲ್ಲಿರುತ್ತದೆ, ನೀರಿಗಾಗಿ ಬಾವಿಯ ಹೊರಗೆ ಕಾಯ್ದು ನಿಂತವರ ಮಾತು ಇರುವುದಿಲ್ಲ. 1925ರ ಏಪ್ರಿಲ್‌ನಲ್ಲಿ ಡಾ. ಅಂಬೇಡ್ಕರರು ನಿಪ್ಪಾಣಿಗೆ ಪರಿಷತ್ತಿಗಾಗಿ ಬಂದಿದ್ದರು. ಆಗ ನಿಮ್ಮ ಊರಿನ ದಲಿತ ಕೇರಿಯಿಂದ ಯಾರಾದರೂ ಹೋಗಿದ್ದರೇ? ಆ ಮನೆಯ ಮೊಮ್ಮಕ್ಕಳನ್ನು ಕೇಳಿ. 1981ರಲ್ಲಿ ತಂಬಾಕಿಗೆ ಬೆಲೆ ಬೇಕೆಂದು ರೈತರು ನಿಪ್ಪಾಣಿಯ ಹೆದ್ದಾರಿಯಲ್ಲಿ ದಿನಗಟ್ಟಲೆ ಕುಳಿತರು, ಏಪ್ರಿಲ್ 6ಕ್ಕೆ ಗೋಲಿಬಾರ್ ಆಗಿ ಜೀವಗಳು ಹೋದವು. ಅಲ್ಲಿ ಕುಳಿತವರು ಇನ್ನೂ ನಮ್ಮ ನಡುವೆ ಇದ್ದಾರೆ. ಬೀಡಿ ಕಟ್ಟಿ ಮನೆ ನಡೆಸಿದ ಹೆಣ್ಣುಮಕ್ಕಳೂ ಇದ್ದಾರೆ. ಮರಾಠಿ, ಕನ್ನಡ ಎಂದು ಜಗಳವಾಡುವವರ ನಡುವೆ ಎರಡೂ ಮಾತಾಡುತ್ತ ಬಾಳಿದ ಮನೆಗಳ ಕಥೆಯನ್ನೂ ಇದ್ದದ್ದು ಇದ್ದಂತೆ ಬರೆಯಿರಿ, ಯಾವ ಕಡೆಗೂ ವಾಲಿಸಬೇಡಿ.

ಇದು ನಮ್ಮಿಂದಾಗುವ ಕೆಲಸವೇ ಎನ್ನಬೇಡಿ. 1906ರಲ್ಲಿ ನಮ್ಮ ಸದಲಗಾದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ ಅವರು ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಓದುತ್ತ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕಲಿಸುತ್ತಲೇ ದೊಡ್ಡ ಪ್ರಾಕೃತ ವಿದ್ವಾಂಸರಾದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಶೇಡಬಾಳದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಕಾದಂಬರಿಯಲ್ಲಿ ನಮ್ಮ ಒಕ್ಕಲುತನದ ಬದುಕನ್ನು ನಮ್ಮದೇ ಮಾತಿನಲ್ಲಿ ತಂದರು. ಇಬ್ಬರೂ ನಮ್ಮ ಮಣ್ಣಿನವರೇ.

ಅಜ್ಜ ಅಜ್ಜಿಯರು ಇರುವಾಗಲೇ ಶುರುಮಾಡಿ. ಈ ದಸರೆಗೆ ಊರಿಗೆ ಬಂದಾಗ ಒಂದು ದಪ್ಪ ನೋಟಬುಕ್ ತನ್ನಿ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನು ಪ್ರತಿ ಪುಟದ ಮೇಲೆ ಬರೆಯಿರಿ. ಮುಗಿದ ಮೇಲೆ ಒಂದು ಪ್ರತಿ ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಕೊಡಿ, ಒಂದನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ಒಪ್ಪಿಸಿ, ಇನ್ನೊಂದನ್ನು ನಿಮಗೆ ಕಥೆ ಹೇಳಿದವರ ಮನೆಗೆ ನೀವೇ ಹೋಗಿ ಮುಟ್ಟಿಸಿ ಬನ್ನಿ.