ಗಿಟಾರ್ ಕಟ್ಟಲು ಕೂತಾಗ ಕಲಿತದ್ದು

ಅಕೌಸ್ಟಿಕ್ ಗಿಟಾರ್‌ನ ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವೆಲ್ಲ ಸೇರಿ ಸುಮಾರು 70 ಕೆಜಿ ಬಲದಿಂದ ಎಳೆಯುತ್ತವೆ. ಆ ಎಳೆತ ತಡೆಯಬೇಕಾದ ಮೇಲ್ಹಲಗೆಯ ದಪ್ಪ ಹೆಚ್ಚೆಂದರೆ 3 ಮಿಮೀ. ಈ ಎರಡು ಅಂಕಿಗಳ ನಡುವೆಯೇ ಗಿಟಾರ್ ಕಟ್ಟುವ ವಿದ್ಯೆಯೆಲ್ಲ ಇದೆ. ಬಾಗಿಲು, ಮೇಜು ಮಾಡುವವರು ಗಟ್ಟಿಯಾಗಲಿ ಅಂತ ಮರ ಉಳಿಸುತ್ತಾರೆ. ವಾದ್ಯ ಮಾಡುವವರು ಮುರಿಯದಿರಲು ಬೇಕಾದಷ್ಟನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ತೆಗೆಯುತ್ತಾರೆ. ಬೆಂಗಳೂರಿನ ನಮ್ಮ ಮನೆಯ ತಾರಸಿ ಕೋಣೆಯಲ್ಲಿ ಗಿಟಾರ್ ಕಟ್ಟುವುದನ್ನು ಕಲಿಯುತ್ತಾ ನನಗೆ ದಕ್ಕಿದ ದೊಡ್ಡ ಪಾಠ ಇದು.

ಹೊಸಬರು ಮೊದಲು ಕೇಳುವುದು ಬೀಟೆ ಮರದ ಬಗ್ಗೆ. ಅದಕ್ಕೆ ಕಾರಣವೂ ಇದೆ. ಬ್ರೆಜಿಲ್‌ನ ರೋಸ್‌ವುಡ್ ದಿಮ್ಮಿಗಳು ಸಿಗುವುದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ನಮ್ಮ ಬೀಟೆಗೆ ಬದಲಾಯಿಸಿಕೊಂಡಿತು. ಅಲ್ಲಿಂದೀಚೆಗೆ ಪಶ್ಚಿಮ ಘಟ್ಟದ ಈ ಮರ ಜಗತ್ತಿನ ಗಿಟಾರ್‌ಗಳ ಹಿಂಬದಿಗೆ, ಪಕ್ಕಗಳಿಗೆ ಮಾದರಿಯೇ ಆಗಿಬಿಟ್ಟಿದೆ. ಆದರೂ ನಾದದ ಬಹುಪಾಲು ಹುಟ್ಟುವುದು ಮೇಲ್ಹಲಗೆಯಲ್ಲಿ. ಸ್ಪೇನಿನ ಗಿಟಾರ್ ತಯಾರಕ ಅಂತೋನಿಯೊ ದೆ ತೊರ್ರೆಸ್ 1862ರಲ್ಲಿ ಒಂದು ಗಿಟಾರ್‌ನ ಹಿಂಬದಿ ಮತ್ತು ಪಕ್ಕಗಳನ್ನು ರಟ್ಟಿನಿಂದಲೇ ಮಾಡಿ ಇದನ್ನು ತೋರಿಸಿಕೊಟ್ಟರು. ಹಾಗಾಗಿ ನನ್ನ ಸಲಹೆ ಇಷ್ಟೇ: ದುಡ್ಡನ್ನು ಒಳ್ಳೆಯ ಸ್ಪ್ರೂಸ್ ಹಲಗೆಗೆ ಹಾಕಿ, ಹಿಂಬದಿಗೆ ಮಹಾಗನಿ ಸಾಕು. ಬೀಟೆಯೇ ಬೇಕೆಂದರೆ ಸರಿಯಾದ ದಾಖಲೆ ಇರುವ ಕಡೆಯಿಂದಲೇ ಕೊಳ್ಳಿ.

ಮೇಲ್ಹಲಗೆಯ ಒಳಮೈಗೆ ಎಕ್ಸ್ ಆಕಾರದಲ್ಲಿ ಬ್ರೇಸ್ ಪಟ್ಟಿಗಳನ್ನು ಅಂಟಿಸುತ್ತೇವೆ. ಈ ಪಟ್ಟಿಯ ಬಿಗುವು ಅದರ ಎತ್ತರದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಎತ್ತರವನ್ನು 10 ಮಿಮೀಯಿಂದ 9ಕ್ಕೆ ಇಳಿಸಿದರೆ ಬಿಗುವು ಶೇ 27ರಷ್ಟು ಕುಸಿಯುತ್ತದೆ. ಅಗಲವನ್ನು ಅಷ್ಟೇ ಪಾಲು ಇಳಿಸಿದರೆ ಹೋಗುವುದು ಶೇ 10 ಮಾತ್ರ. ಇದು ಗೊತ್ತಾದ ಮೇಲೆ ನನ್ನ ಉಳಿ ನಡೆಯುವ ರೀತಿಯೇ ಬದಲಾಯಿತು. ಹಲಗೆಯನ್ನು ಎರಡು ಬೆರಳಲ್ಲಿ ಅಂಚಿನ ಬಳಿ ಹಿಡಿದು, ತಂತಿಗಳನ್ನು ಹೊರುವ ಕುದುರೆ (ಬ್ರಿಜ್) ಕೂರುವ ಜಾಗದಲ್ಲಿ ಬೆರಳ ಗೆಣ್ಣಿನಿಂದ ತಟ್ಟುತ್ತೇನೆ. ಮೊದಮೊದಲು ಸದ್ದು ಗಿಡ್ಡವಾಗಿ, ಮುಚ್ಚಿಕೊಂಡಂತೆ ಕೇಳಿಸುತ್ತದೆ. ಪಟ್ಟಿಯ ತುದಿಗಳಿಂದ ತೆಳ್ಳನೆಯ ಸುರುಳಿಗಳನ್ನು ತೆಗೆಯುತ್ತಾ, ತಟ್ಟುತ್ತಾ, ಕೈಯಲ್ಲಿ ಬಾಗಿಸಿ ನೋಡುತ್ತಾ ಹೋದರೆ ಸ್ವರ ತಗ್ಗುತ್ತದೆ, ಅನುರಣನ ಉದ್ದವಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಯಾವ ನಕ್ಷೆಯೂ ಹೇಳುವುದಿಲ್ಲ, ಒಂದೇ ಮರದ ಎರಡು ಹಲಗೆಗಳೂ ಒಂದೇ ಥರ ಇರುವುದಿಲ್ಲ.

ಫ್ರೆಟ್‌ಗಳ ವಿಷಯ ಇದಕ್ಕೆ ತದ್ವಿರುದ್ಧ. ಅಲ್ಲಿ ಕಿವಿಗೆ ಕೆಲಸವಿಲ್ಲ, ಲೆಕ್ಕವೇ ಎಲ್ಲ. ನಮ್ಮ ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂರುತ್ತವೆ, ಕುಶಲಕರ್ಮಿ ಸ್ವರ ಕೇಳಿಕೊಂಡು ಅವನ್ನು ಸರಿಸಬಹುದು. ಗಿಟಾರ್‌ನಲ್ಲಿ ಗರಗಸ ಒಮ್ಮೆ ಇಳಿದರೆ ಮುಗಿಯಿತು. ತಂತಿಯ ಉದ್ದ 645 ಮಿಮೀ ಎಂದುಕೊಳ್ಳಿ. ಅದನ್ನು 17.817ರಿಂದ ಭಾಗಿಸಿದರೆ 36.2 ಮಿಮೀ, ಮೊದಲ ಫ್ರೆಟ್ ಅಲ್ಲಿ. ಉಳಿದ ಉದ್ದವನ್ನು ಮತ್ತೆ ಭಾಗಿಸಿದರೆ ಎರಡನೆಯದು. ಹನ್ನೆರಡನೆಯ ಫ್ರೆಟ್ ಸರಿಯಾಗಿ ಅರ್ಧಕ್ಕೆ ಬರಬೇಕು. ಗುರುತು ಹಾಕುವಾಗ ಪ್ರತಿ ಅಳತೆಯನ್ನೂ ನಟ್‌ನಿಂದಲೇ, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಿಂದಲೇ, ತೆಗೆಯಿರಿ. ಹಿಂದಿನ ಫ್ರೆಟ್‌ನಿಂದ ಅಳೆದರೆ ಕೂದಲೆಳೆಯ ವ್ಯತ್ಯಾಸಗಳು ಕೂಡುತ್ತಾ ಹೋಗಿ ಮೇಲಿನ ಸ್ವರಗಳು ಅಪಶ್ರುತಿಯಾಗುತ್ತವೆ.

ಹವೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಅಡ್ಡಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಜುಲೈನ ಥಂಡಿಯಲ್ಲಿ ಹಿಗ್ಗಿದ ಹಲಗೆಗೆ ಅಡ್ಡ ಪಟ್ಟಿ ಅಂಟಿಸಿದರೆ, ಮಾರ್ಚ್‌ನ ಒಣಹವೆಯಲ್ಲಿ ಹಲಗೆ ಕುಗ್ಗಲು ಹೊರಡುತ್ತದೆ, ಪಟ್ಟಿ ಬಿಡುವುದಿಲ್ಲ, ಕೊನೆಗೆ ಹಲಗೆ ಸೀಳುತ್ತದೆ. ಅದಕ್ಕೆ ಗೋಡೆಯ ಮೇಲೊಂದು ತೇವಾಂಶ ಮಾಪಕ ತೂಗುಹಾಕಿದ್ದೇನೆ. ಅದು ಶೇ 45ರಿಂದ 50ರೊಳಗೆ ತೋರಿಸುವವರೆಗೆ ಅಂಟಿನ ಡಬ್ಬಿ ತೆರೆಯುವುದಿಲ್ಲ. ಕೆಲಸ ತಡವಾಗಲಿ, ಚಿಂತೆಯಿಲ್ಲ.

ಉಪಕರಣಗಳ ಪಟ್ಟಿ ನೋಡಿ ಹೆದರಬೇಡಿ. ನಮ್ಮ ಬೀದಿಯ ಹಿರಿಯ ಬಡಗಿಯೊಬ್ಬರು ನನಗೆ ಹೇಳಿದ್ದು ಒಂದೇ ಮಾತು: "ಉಳಿ ಮಸೀದೆ ಮರ ಮುಟ್ಬೇಡಿ ಸಾರ್." ಎರಡು ಉಳಿ, ಒಂದು ಉಜ್ಜುಗೊರಡು, ಒಳ್ಳೆಯ ಸಾಣೆಕಲ್ಲು, ಕೆಲವು ಕ್ಲ್ಯಾಂಪ್‌ಗಳಿಂದ ಶುರುಮಾಡಬಹುದು. ಬೇಡದ ತುಂಡುಗಳಲ್ಲಿ ಅಂಟಿನ ಬೆಸುಗೆ ಕಲಿಯಿರಿ. 2 ಮಿಮೀ ಪಟ್ಟಿಯನ್ನು ಒದ್ದೆಮಾಡಿ ಕಾದ ಕೊಳವೆಯ ಮೇಲೆ ಬಾಗಿಸಿ, ಮರ ಸಡಿಲಗೊಳ್ಳುವ ಗಳಿಗೆಯನ್ನು ಕೈ ಗುರುತಿಸುವ ತನಕ ಬಾಗಿಸುತ್ತಿರಿ. ಆಮೇಲೆ ಗಿಟಾರ್‌ಗೆ ಕೈಹಾಕಿ.

ಮೊದಲ ವಾದ್ಯ ತುಸು ದಪ್ಪವಾಗಿಯೇ ಇರಲಿ, ತಂತಿಯ ಎಳೆತವನ್ನು ತಾಳಿಕೊಂಡು ನಿಲ್ಲುವುದು ಮುಖ್ಯ. ಆದರೆ ಹಲಗೆಯ ದಪ್ಪ, ಪಟ್ಟಿಯ ಎತ್ತರ, ಅಂದಿನ ತೇವಾಂಶ, ತಟ್ಟಿದಾಗ ಕೇಳಿದ ಸ್ವರ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ. ಎರಡನೆಯ ಗಿಟಾರ್‌ನಲ್ಲಿ ಎಲ್ಲಿ ಎಷ್ಟು ಮರ ತೆಗೆಯುವ ಧೈರ್ಯ ಮಾಡಬಹುದು ಎಂಬುದನ್ನು ನೀವು ಕೇಳಬೇಕಾದದ್ದು ಆ ಪುಸ್ತಕವನ್ನೇ.